‘ಹಬ್ಬ ಕಳೀಲಿ’ ಅನ್ನುವ ಮುನ್ನ

ನಿಮ್ಮ ಮನೆಯಲ್ಲಿ ‘ಹಬ್ಬ ಕಳೀಲಿ’ ಅನ್ನುವ ಮಾತು ವರ್ಷಕ್ಕೆ ಎಷ್ಟು ಸಲ ಬರುತ್ತದೆ, ಎಂದಾದರೂ ಲೆಕ್ಕ ಹಾಕಿದ್ದೀರಾ? ನಮ್ಮ ಮನೆಯಲ್ಲಿ ಭಾದ್ರಪದದಿಂದ ಕಾರ್ತೀಕದವರೆಗೆ ಬೇರೆ ಮಾತೇ ಇರಲಿಲ್ಲ. ಗಣಪತಿ ಹಬ್ಬ ಕಳೀಲಿ, ಪಕ್ಷ ಕಳೀಲಿ, ದಸರಾ ಕಳೀಲಿ, ದೀಪಾವಳಿ ಕಳೀಲಿ, ತುಳಸಿ ಪೂಜೆ ಒಂದು ಮುಗೀಲಿ. ಅದು ಮುಗಿಯುವ ಹೊತ್ತಿಗೆ ರಾಗಿ ಕೊಯ್ಲು ಬಂದಿರುತ್ತದೆ. ಕೊಯ್ಲು ಮುಗಿಯಿತು ಅನ್ನುವಾಗ ಸಂಕ್ರಾಂತಿ.

ಹೀಗೆ ‘ಕಳೀಲಿ, ಕಳೀಲಿ’ ಎನ್ನುತ್ತಲೇ ನಮ್ಮ ಅತ್ತೆಯವರ ಕಣ್ಣಿನ ಪೊರೆ ಎರಡು ವರ್ಷ ಹಾಗೇ ಉಳಿಯಿತು. 2022ರಲ್ಲೇ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು ಹೆಚ್ಚಾಗಿದೆ ಎಂದು ಹೇಳಿದ್ದರು. ‘ಪೊರೆ ಇನ್ನೂ ಹಣ್ಣಾಗಲಿ ಬಿಡಿ’ ಎಂದು ಅಕ್ಕಪಕ್ಕದವರೂ ಧೈರ್ಯ ಹೇಳಿದರು. ಪೊರೆ ಹಣ್ಣಾಗುವ ತನಕ ಕಾಯಬೇಕಾದದ್ದು ಹಳೇ ಕಾಲದ ಮಾತು. ಈಗ ನೋಟಕ್ಕೆ ತೊಂದರೆ ಆಯಿತೆಂದರೆ ತೆಗೆಸಿಬಿಡಬಹುದು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ನಮ್ಮದು ಕಡೂರು. ಯಜಮಾನರು ತೆಂಗಿನಕಾಯಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಊರ ಹೊರಗೆ ಸ್ವಲ್ಪ ಹೊಲವಿದೆ, ರಾಗಿಗೆ ಮೋಸವಿಲ್ಲ. ನನ್ನ ತವರು ತರೀಕೆರೆಯ ಕಡೆ, ಅಡಿಕೆ ತೋಟದ ಊರು. ನಾದಿನಿಯನ್ನು ಕೊಟ್ಟಿರುವುದು ಅಜ್ಜಂಪುರಕ್ಕೆ; ಮೊದಲು ತರೀಕೆರೆ ತಾಲ್ಲೂಕಿಗೇ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಊರು ಅದು. ಮೂರೂ ಕಡೆ ಹಬ್ಬಕ್ಕೆ ಓಡಾಡುವುದೇ ನಮ್ಮ ಶರತ್ಕಾಲ. ನನಗೆ ಮಕ್ಕಳು ತಡವಾಗಿ ಆದವು. ಹಾಗಾಗಿ ನಲವತ್ತು ದಾಟಿದ ಮೇಲೂ ಮನೆಯಲ್ಲಿ ಐದನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಇಷ್ಟೇ ನನ್ನ ಪರಿಚಯ.

2024ರ ದೀಪಾವಳಿ, ನೀರು ತುಂಬುವ ಹಬ್ಬದ ಸಂಜೆ. ಬಿಂದಿಗೆಗೆ ಸುಣ್ಣದ ಗೆರೆ ಎಳೆದು, ಹೂ ಸುತ್ತಿ, ನೀರು ತುಂಬಿ ಬಚ್ಚಲ ಬಾಗಿಲಲ್ಲಿ ಇಟ್ಟಿದ್ದೆ. ಅತ್ತೆ ಹೊಸಿಲಿಗೆ ದೀಪ ಇಡಲು ಬಗ್ಗಿದರು. ಒಂದನ್ನು ಇಟ್ಟು ಇನ್ನೊಂದಕ್ಕೆ ಕೈ ಚಾಚಿದಾಗ ಮೊದಲಿನದು ಅವರ ಕಣ್ಣಿಗೆ ಕಂಡಿಲ್ಲ. ನೂಲಿನ ಸೀರೆ, ಸೆರಗು ತಟ್ಟನೆ ಹತ್ತಿಕೊಂಡಿತು. ‘ಅಜ್ಜೀ’ ಎಂದು ಮಗಳು ಕಿರುಚಿದ್ದು ಕೇಳಿ ನಾನು ಓಡಿ ಬಂದೆ. ಕೈಗೆ ಸಿಕ್ಕಿದ್ದು ಪೂಜೆಗೆ ಇಟ್ಟಿದ್ದ ಆ ಬಿಂದಿಗೆಯೇ. ಹೂವಿನ ಸಮೇತ ಸುರಿದುಬಿಟ್ಟೆ. ಒಂದು ಗೇಣು ಸೆರಗು ಸುಟ್ಟಿತು, ಮೊಣಕೈ ಹತ್ತಿರ ಒಂದು ಬೊಬ್ಬೆ ಎದ್ದಿತು, ಅಷ್ಟರಲ್ಲಿ ದೇವರು ಕಾಪಾಡಿದ. ಆ ರಾತ್ರಿ ಮನೆಯಲ್ಲಿ ಯಾರೂ ಪಟಾಕಿ ಮುಟ್ಟಲಿಲ್ಲ. ಅತ್ತೆ ಮಾತ್ರ ‘ಏನೂ ಆಗಿಲ್ಲ ಕಣಮ್ಮ, ಮಕ್ಕಳಿಗೆ ಎಣ್ಣೆ ಹಚ್ಚು, ನಾಳೆ ನೀರು ಹಾಕಬೇಕು’ ಅನ್ನುತ್ತಲೇ ಇದ್ದರು.

ಹಬ್ಬ ಮುಗಿದ ವಾರವೇ ಆಸ್ಪತ್ರೆಗೆ ಹೋದೆವು. ಸಕ್ಕರೆ ಕಾಯಿಲೆ ಏರಿ ಕೂತಿತ್ತು. ಅದನ್ನು ಇಳಿಸಿಕೊಂಡು ಬನ್ನಿ, ಆಮೇಲೆ ಆಪರೇಷನ್ ಎಂದರು ಡಾಕ್ಟರು. ಅಂದರೆ ಮತ್ತೆ ‘ಕಳೀಲಿ’ ಎಂದು ಕೂರುವುದಕ್ಕೆ ಒಳ್ಳೇ ನೆವ ಸಿಕ್ಕ ಹಾಗಾಯಿತು. ಆಗಲೇ ನಾನು ತಿಂಗಳಿಗೊಂದು ಗುರಿಯ ಪಟ್ಟಿ ಬರೆಯಲು ಶುರು ಮಾಡಿದ್ದು.

ಮೊದಲನೇ ಪಟ್ಟಿಯ ಕಥೆ ಕೇಳಿದರೆ ನಗುತ್ತೀರಿ. ಮಾರ್ಗಶಿರಕ್ಕೆ ಹದಿನೇಳು ಗುರಿ ಬರೆದಿದ್ದೆ! ಅಟ್ಟ ಶುಚಿ ಮಾಡುವುದು, ಮಗನ ಮಗ್ಗಿ, ಹಳೇ ಸೀರೆಗಳ ಕೌದಿ, ಸಂಘದ ಸಾಲ, ನನ್ನ ಬೆಳಗಿನ ನಡಿಗೆ, ಇನ್ನೂ ಏನೇನೋ. ತಿಂಗಳ ಕೊನೆಗೆ ಆಗಿದ್ದು ಎರಡು. ಉಳಿದ ಹದಿನೈದು ಗೋಡೆಯ ಮೇಲಿಂದ ನನ್ನನ್ನೇ ಬೈಯುತ್ತಿದ್ದ ಹಾಗೆ ಕಾಣುತ್ತಿದ್ದವು. ಹಾಗಾಗಿ ಮೂರಕ್ಕೆ ಇಳಿಸಿದೆ. ಮನೆಗೊಂದು, ಹಣಕ್ಕೊಂದು, ಮೈಗೊಂದು. ನಾಲ್ಕನೆಯದನ್ನು ಬರೆಯಕೂಡದು.

ಬರೆಯುವುದು ಅಮಾವಾಸ್ಯೆಯ ಮಧ್ಯಾಹ್ನ. ನಮ್ಮ ಕಡೆ ಚಾಂದ್ರಮಾನದ ತಿಂಗಳು ಮುಗಿಯುವುದು ಅಂದೇ ತಾನೇ, ಮತ್ತು ಆವತ್ತು ಹೊಸ ಕೆಲಸ ಯಾವುದನ್ನೂ ಯಾರೂ ಹಿಡಿಯುವುದಿಲ್ಲ. ಕೂತು ಯೋಚನೆ ಮಾಡುವುದಕ್ಕೆ ಬಿಡುವು ಸಿಗುತ್ತದೆ. ಇಂಗ್ಲಿಷ್ ತಿಂಗಳ ಒಂದನೇ ತಾರೀಖು ಸಂಬಳದ ಲೆಕ್ಕಕ್ಕೆ ಸರಿ. ಆದರೆ ಹಬ್ಬವಿರುವ ಮನೆಗೆ ಚಾಂದ್ರಮಾನವೇ ಸರಿ ಎಂದು ನನ್ನ ಅನುಭವ. 2025ರಲ್ಲಿ ನವರಾತ್ರಿ ಸೆಪ್ಟೆಂಬರ್ 22ಕ್ಕೇ ಶುರುವಾಗಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಅಕ್ಟೋಬರ್ 11ಕ್ಕೆ. ‘ಸೆಪ್ಟೆಂಬರಿನಲ್ಲಿ ಸುಣ್ಣ ಹೊಡೆಸುವುದು’ ಎಂದು ಬರೆದರೆ ಒಂದು ವರ್ಷ ಹಬ್ಬಕ್ಕೆ ಸರಿಹೋಗುತ್ತದೆ, ಇನ್ನೊಂದು ವರ್ಷ ಮಳೆಯಲ್ಲಿ ತೊಳೆದುಹೋಗುತ್ತದೆ. ‘ಮಹಾಲಯ ಅಮಾವಾಸ್ಯೆಯ ಒಳಗೆ’ ಎಂದು ಬರೆಯಿರಿ, ಯಾವ ವರ್ಷಕ್ಕೂ ತಪ್ಪಾಗುವುದಿಲ್ಲ.

ಹೀಗೆ ತಿಂಗಳು ತಿಂಗಳೂ ‘ಮೈಗೊಂದು’ ಎಂಬ ಸಾಲು ಅತ್ತೆಯವರ ಪಾಲಾಯಿತು. ಪುಷ್ಯದಲ್ಲಿ ಸಂಜೆ ಬೀದಿಯ ಕೊನೆಯವರೆಗೆ ನಡೆಯುವುದು. ಕೈ ಹಿಡಿದು ನಡೆಸುವ ಜವಾಬ್ದಾರಿ ಮಗನದು. ಮಾಘದಲ್ಲಿ ಕಾಫಿಗೆ ಸಕ್ಕರೆ ಬಿಡುವುದು. ಅದೊಂದಕ್ಕೆ ಅವರು ನನ್ನ ಮೇಲೆ ವಾರವಿಡೀ ಮುನಿಸಿಕೊಂಡಿದ್ದರು. ಯುಗಾದಿಗೆ ಒಂದೇ ಹೋಳಿಗೆ. ಶ್ರಾವಣದ ಹೊತ್ತಿಗೆ ಸಕ್ಕರೆ ಹತೋಟಿಗೆ ಬಂತು. ಡಾಕ್ಟರು ಕೊಟ್ಟ ದಿನ ಯಾವುದು ಗೊತ್ತೇ? ಪಕ್ಷದಲ್ಲಿ!

‘ಹಿರಿಯರ ಪಕ್ಷದಲ್ಲಿ ಯಾರಾದರೂ ಕಣ್ಣಿಗೆ ಕತ್ತರಿ ಹಾಕಿಸ್ತಾರೇನೇ?’ ಎಂದು ಅತ್ತೆ ಹಟ ಹಿಡಿದರು. ಯಜಮಾನರೂ ‘ದಸರಾ ಕಳೀಲಿ’ ಎಂದು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿದರು. ನಾನು ಹೇಳಿದ್ದಿಷ್ಟೇ: ‘ಪಕ್ಷದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಕರೆಯುವವರೂ ಇಲ್ಲ, ಬರುವವರೂ ಇಲ್ಲ. ಇಡೀ ವರ್ಷದಲ್ಲಿ ನಾನು ನಿಮ್ಮ ಪಕ್ಕ ಕೂರೋಕೆ ಬಿಡುವಿರೋದು ಈ ಹದಿನೈದು ದಿನ. ಮಾವನವರೂ ಮೇಲಿಂದ ನೋಡಿ ಸಂತೋಷವನ್ನೇ ಪಡ್ತಾರೆ.’ ಮಾವನವರ ಹೆಸರು ಎತ್ತಿದ್ದಕ್ಕೋ ಏನೋ, ಸುಮ್ಮನಾದರು. ಸೆಪ್ಟೆಂಬರ್ ಎರಡನೇ ವಾರದಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬಂದೆವು.

ಕೆಲಸ ಇರುವುದು ಆಮೇಲೆಯೇ. ಕಣ್ಣಿಗೆ ನೀರು ಬೀಳಬಾರದು, ಉಜ್ಜಬಾರದು, ಬಗ್ಗಿ ಭಾರ ಎತ್ತಬಾರದು, ಒಲೆಯ ಹೊಗೆ ತಾಗಬಾರದು. ಹನಿ ಔಷಧಿ ನಮಗೆ ಹೇಳಿದ್ದು ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ವಾರಕ್ಕೊಂದರಂತೆ ಕಡಿಮೆ ಮಾಡುತ್ತಾ ಬರುವುದು. (ನಿಮ್ಮ ಡಾಕ್ಟರು ಹೇಳಿದ ಲೆಕ್ಕವೇ ನಿಮಗೆ ಲೆಕ್ಕ, ನನ್ನದನ್ನು ಹಿಡಿಯಬೇಡಿ.) ಹೊತ್ತು ನೋಡಿ ಕೂಗುವುದು, ಹನಿ ಹಾಕಿದ ಮೇಲೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಮಗಳ ಗುರಿ. ಕೈ ತೊಳೆದು ಹನಿ ಹಾಕುವುದು ನನ್ನದು. ಅಕ್ಟೋಬರಿನವರೆಗೂ ಒಂದು ಗುರುತೂ ತಪ್ಪಲಿಲ್ಲ. ಮಗ್ಗಿ ಬರೆ ಎಂದರೆ ಅಳುವ ಮಗು ಇದನ್ನು ಹೇಗೆ ಮಾಡಿತು? ನಾನೂ ಯೋಚಿಸಿದ್ದೇನೆ. ಯಾರಿಗಾಗಿ ಎಂದು ಕಣ್ಣೆದುರು ಕಂಡರೆ ಮಕ್ಕಳು ಮಾಡುತ್ತಾರೆ ಅಂತ ಕಾಣುತ್ತದೆ.

ನವರಾತ್ರಿ ಬಂತು. ಪ್ರತಿ ವರ್ಷ ಬೊಂಬೆ ಕೂರಿಸುವವರು ಅತ್ತೆಯೇ. ಈ ಸಲ ಅವರು ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುವವರು, ಮಕ್ಕಳು ಕೂರಿಸುವವರು. ಪೆಟ್ಟಿಗೆ ಒರೆಸುವ ಧೂಳೆಲ್ಲ ಹಿತ್ತಿಲಲ್ಲೇ ಆಯಿತು. ಮೇಲಿನ ಮೆಟ್ಟಿಲಿಗೆ ಪಟ್ಟದ ಬೊಂಬೆ, ಕೆಳಗೆ ಚನ್ನಪಟ್ಟಣದ ಆಲೆ ಮರದ ಬೊಂಬೆಗಳು, ಇನ್ನೂ ಕೆಳಗೆ ಸಂತೆ. ಮಗ ತನ್ನ ಪ್ಲಾಸ್ಟಿಕ್ ಜೆಸಿಬಿಯನ್ನೂ ಸಂತೆಯಲ್ಲಿ ನಿಲ್ಲಿಸಿದ. ನಾನು ತೆಗೆಯಲು ಹೋದರೆ ಅತ್ತೆ, ‘ಇರಲಿ ಬಿಡು, ಸಂತೆ ಮಾಳ ಸಮ ಮಾಡೋಕೆ ಬಂದಿದೆ’ ಎಂದರು. ನಾನಾಗಿದ್ದರೆ ಒಂದು ಗಂಟೆಯಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಮಕ್ಕಳು ಎರಡು ದಿನ ತೆಗೆದುಕೊಂಡರು. ಸಾಲು ಸೊಟ್ಟ. ಆದರೆ ಯಾವ ಬೊಂಬೆ ಯಾರ ಮದುವೆಯಲ್ಲಿ ಬಂದದ್ದು ಎಂದು ಈಗ ಇಬ್ಬರಿಗೂ ಗೊತ್ತು. ಹದಿನೈದು ವರ್ಷ ಜೊತೆಗಿದ್ದ ನನಗೇ ಗೊತ್ತಿರಲಿಲ್ಲ.

ಸಿಹಿಯ ಬದಲು ದಿನಕ್ಕೊಂದು ಕಾಳಿನ ಉಸಲಿ ಮಾಡಿದೆ. ಒಂದು ಪಾವು ಕಡಲೆಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಉಪ್ಪು ಹಾಕಿ ಬೇಯಿಸಿ ನೀರು ಬಸಿಯಿರಿ. ಬಸಿದ ಕಟ್ಟನ್ನು ಚೆಲ್ಲಬೇಡಿ, ಸಾರಿಗಾಗುತ್ತದೆ. ಎರಡು ಚಮಚ ಎಣ್ಣೆಗೆ ಸಾಸಿವೆ, ಇಂಗು, ನಾಲ್ಕು ಹಸಿಮೆಣಸಿನಕಾಯಿ, ಕರಿಬೇವು ಹಾಕಿ ಒಗ್ಗರಣೆ ಮಾಡಿ ಕಾಳು ಸೇರಿಸಿ, ಇಳಿಸುವಾಗ ಹಿಡಿ ತೆಂಗಿನ ತುರಿ, ನಿಂಬೆರಸ. ಹೆಸರುಕಾಳಾದರೆ ಬೇಗ ಬೆಂದುಹೋಗುತ್ತದೆ, ಎದುರಿಗೇ ನಿಲ್ಲಿ. ಅಲಸಂದೆ, ಹುರುಳಿ, ಬಟಾಣಿ ಎಂದು ತಿರುಗಿಸಿದರೆ ಒಂಬತ್ತು ದಿನವೂ ಬೇಸರವಿಲ್ಲ. ಸಿಹಿ ಇಲ್ಲವೆಂದು ಬೊಂಬೆ ನೋಡಲು ಬಂದವರಾರೂ ದೂರಲಿಲ್ಲ.

ಭೂಮಿ ಹುಣ್ಣಿಮೆಗೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದೆ. ಧೂಳು ಬೇಡವೆಂದು ಅತ್ತೆ ಮನೆಯಲ್ಲೇ ಉಳಿದರು, ಹನಿ ಹಾಕಲು ನಾದಿನಿ ಬಂದಿದ್ದಳು. ಬಯಲುಸೀಮೆಯ ಓದುಗರಿಗೆ ಈ ಹಬ್ಬ ಅಷ್ಟು ಪರಿಚಯ ಇರಲಿಕ್ಕಿಲ್ಲ. ಆಶ್ವೀಜದ ಹುಣ್ಣಿಮೆಗೆ ಪೈರು ತೆನೆ ಕಟ್ಟುವ ಹೊತ್ತು, ಭೂಮಿತಾಯಿ ಬಸುರಿ ಎಂದು ಲೆಕ್ಕ. ಬಸುರಿಯ ಬಯಕೆ ತೀರಿಸಬೇಡವೇ? ಕೆಮ್ಮಣ್ಣು ಬಳಿದ ಬುಟ್ಟಿಗೆ ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದು, ರಾತ್ರಿಯೆಲ್ಲ ಎಚ್ಚರವಿದ್ದು ಅಡಿಗೆ ಮಾಡಿ, ಬೆಳಕು ಹರಿಯುವ ಮುಂಚೆ ಹೊಲ ತೋಟಗಳಿಗೆ ಹೋಗಿ ಚರಗ ಚೆಲ್ಲುತ್ತಾರೆ. ಬೆರಕೆ ಸೊಪ್ಪಿನ ಪಲ್ಯಕ್ಕೆ ಎಷ್ಟು ಬಗೆ ಸಿಕ್ಕರೆ ಅಷ್ಟು ಒಳ್ಳೆಯದು. ಮಗಳು ನಮ್ಮ ಅಮ್ಮನ ಹಿಂದೆ ಬೇಲಿ ಸುತ್ತಿ ಹದಿಮೂರು ಸೊಪ್ಪಿನ ಹೆಸರು ಬರೆದುಕೊಂಡಳು. ಮಗ ಅಡಿಕೆ ಮರದ ಬುಡದಲ್ಲಿ ಕಡುಬು ಹೂತಿಟ್ಟು, ‘ಅದಕ್ಕೆ ತುಪ್ಪ ಬೇಡವಾ?’ ಎಂದು ಕೇಳಿದ. ತುಪ್ಪವನ್ನೂ ಬಿಟ್ಟೆವು.

ಇಷ್ಟರಲ್ಲಿ ಅಕ್ಟೋಬರ್ 8ಕ್ಕೆ ಶಾಲೆ ಶುರುವಾಗಬೇಕಿತ್ತು. ಮೇಷ್ಟರುಗಳು ಸಮೀಕ್ಷೆಗೆ ಹೋಗಿದ್ದರಿಂದ ಸರ್ಕಾರಿ, ಅನುದಾನಿತ ಶಾಲೆಗಳಿಗೆ 18ರ ತನಕ ರಜ ಮುಂದುವರಿಯಿತು. ಮನೆಯಲ್ಲಿ ಮಕ್ಕಳಿರುವ ತಾಯಂದಿರಿಗೆ ಇದರ ಅರ್ಥ ನಾನು ಬಿಡಿಸಿ ಹೇಳಬೇಕಿಲ್ಲ! ಆಶ್ವೀಜದ ಪಟ್ಟಿಯಲ್ಲಿದ್ದ ‘ಮನೆಗೊಂದು’ ಕೈಬಿಟ್ಟುಹೋಯಿತು, ಅಟ್ಟ ಇಂದಿಗೂ ಹಾಗೇ ಇದೆ. ಹಣದ ಗುರಿಯೂ ಅರ್ಧವೇ. ಸಂಘಕ್ಕೆ ಎರಡು ಕಂತು ಕಟ್ಟಬೇಕಿತ್ತು, ಒಂದು ಕಟ್ಟಿದೆ, ಇನ್ನೊಂದು ಮಕ್ಕಳ ಹೊಸ ಬಟ್ಟೆಗೆ ಹೋಯಿತು. ಹೋಗಲಿ. ಆ ರಜದಲ್ಲೇ ಒಂದು ದಿನ ಬುತ್ತಿ ಕಟ್ಟಿಕೊಂಡು, ಅತ್ತೆಯವರನ್ನೂ ಕರೆದುಕೊಂಡು ಅಮೃತಾಪುರಕ್ಕೆ ಹೋದೆವು. ಸರ್ಕಾರಿ ಬಸ್ಸಿನಲ್ಲಿ ನಮಗೆ ಮೂವರಿಗೂ ದುಡ್ಡಿಲ್ಲ, ಅರ್ಧ ಟಿಕೆಟ್ಟು ತೆಗೆದುಕೊಂಡವನು ಮಗ ಒಬ್ಬನೇ. ಅವನಿಗೆ ಅದೇ ಜಂಬ.

ತರೀಕೆರೆಯಿಂದ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ, ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಅದು. ಮಂಟಪದ ಹೊರಗೋಡೆಯ ಮೇಲೆ 140 ಫಲಕಗಳಲ್ಲಿ ರಾಮಾಯಣ, ಕೃಷ್ಣನ ಕಥೆ, ಮಹಾಭಾರತ ಕೆತ್ತಿದ್ದಾರೆ. ನಾವು ಪದ್ಧತಿಯಂತೆ ಪ್ರದಕ್ಷಿಣೆ ಹಾಕುತ್ತಾ ಹೊರಟೆವು. ಅತ್ತೆ ಗೋಡೆಯ ಹತ್ತಿರ ಹೋಗಿ, ಬಲಗಣ್ಣು ಕಿರಿದು ಮಾಡಿ ನೋಡುತ್ತಾ ನೋಡುತ್ತಾ ನಿಂತುಬಿಟ್ಟರು. ‘ಏನೇ ಇದು, ಕಥೆ ಹಿಂದಿನಿಂದ ಬರ್ತಾ ಇದೆಯಲ್ಲ?’ ನಿಜವೇ. ಆ ದಕ್ಷಿಣದ ಕಡೆ ರಾಮಾಯಣದ ಎಪ್ಪತ್ತು ಫಲಕಗಳು ಪ್ರದಕ್ಷಿಣೆಗೆ ಎದುರಾಗಿ ಸಾಗುತ್ತವೆ. ಹೊಯ್ಸಳರ ಗುಡಿಗಳಲ್ಲಿ ಇದು ಅಪರೂಪ. ನಾನು ಮದುವೆಗೆ ಮುಂಚಿನಿಂದ ಎಷ್ಟು ಸಲ ಅಲ್ಲಿಗೆ ಹೋಗಿದ್ದೇನೋ, ಒಂದು ಸಲವೂ ಗಮನಿಸಿರಲಿಲ್ಲ. ಅವರು ಮೊಮ್ಮಕ್ಕಳನ್ನು ಎಳೆದುಕೊಂಡು ಆ ಕೊನೆಯಿಂದ ಶುರು ಮಾಡಿದರು. ಬುತ್ತಿ ಬಿಚ್ಚುವಾಗ ಮೂರು ಗಂಟೆ.

ದೀಪಾವಳಿ ಅಜ್ಜಂಪುರದಲ್ಲಿ. ಕಡೂರಿನಲ್ಲಿ ರೈಲು ಹತ್ತಿ ಬೀರೂರು ದಾಟಿದರೆ ಆಯಿತು. ಅಲ್ಲಿ ಪಾಡ್ಯದ ದಿನ ದನಗಳದ್ದೇ ಹಬ್ಬ. ಅಮೃತಮಹಲ್ ತಳಿಯ ಊರಲ್ಲವೇ ಅದು! ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದದ್ದು ಟಿಪ್ಪುವಿನ ಕಾಲಕ್ಕೆ ‘ಅಮೃತಮಹಲ್’ ಆಯಿತಂತೆ. ಆ ಉದ್ದ ಕೊಂಬುಗಳಿಗೆ ಬಣ್ಣ ಬಳಿದು, ಕೊರಳಿಗೆ ಚೆಂಡು ಹೂವಿನ ಹಾರ ಹಾಕಿ ನಿಲ್ಲಿಸಿದರೆ ನೋಡಲು ಎರಡು ಕಣ್ಣು ಸಾಲದು. ಹೊಸಿಲ ಎರಡೂ ಬದಿಗೆ ಸಗಣಿ ಉಂಡೆ ಇಟ್ಟು, ಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸುವ ಕೆಲಸ ಮಕ್ಕಳಿಗೆ ಬಿಟ್ಟೆವು. ಮೂಗು ಮುಚ್ಚಿಕೊಂಡು ಶುರು ಮಾಡಿದ ಮಗ ಕೊನೆಗೆ ಮೊಣಕೈವರೆಗೆ ಸಗಣಿ.

ಸಂಜೆ ದೀಪ ಹಚ್ಚುವ ಹೊತ್ತು. ನನ್ನ ಎದೆ ಸುಮ್ಮನೆ ಹೊಡೆದುಕೊಳ್ಳುತ್ತಿತ್ತು. ನೀರಿನ ಕೊಡವೊಂದನ್ನು ಯಾರಿಗೂ ಹೇಳದೆ ಬಾಗಿಲ ಹಿಂದೆ ಇಟ್ಟಿದ್ದೆ. ಅತ್ತೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಬಂದರು, ಮೊಮ್ಮಗಳ ಕೈಯಿಂದ ಒಂದೊಂದೇ ದೀಪ ಇಸಿದುಕೊಂಡು ಸಾಲಾಗಿ ಇಟ್ಟರು. ಕೊಡ ಅವರ ಕಣ್ಣಿಗೆ ಬಿದ್ದೇ ಬಿತ್ತು. ‘ಅದನ್ನ ಒಳಗಿಡು, ಕಾಣ್ತದೆ ನಂಗೆ’ ಎಂದರು.

ಕಾರ್ತೀಕದ ಅಮಾವಾಸ್ಯೆಗೆ ಪಟ್ಟಿ ಬರೆಯಲು ಕೂತಾಗ ಮಾರ್ಗಶಿರದ ಮೊದಲನೇ ಸಾಲನ್ನು ಅವರೇ ಹೇಳಿ ಬರೆಸಿದರು: ‘ಎಡಗಣ್ಣು. ರಾಗಿ ಕೊಯ್ಲಿಗೆ ಮುಂಚೆ.’