ಮುಂದಿನ ತಾರೀಖಿನವರೆಗೆ

ಹೃದಯದ ಲಯ ತಪ್ಪಿದವರು ಆಸ್ಪತ್ರೆಯ ಟೇಬಲ್ ಮೇಲೆ ಮಲಗುವ ಹೊತ್ತು ಬಹಳ ಕಡಿಮೆ. ಶಾಕ್ ಕೊಟ್ಟು ಲಯ ಸರಿಪಡಿಸುವ ಕಾರ್ಡಿಯೋವರ್ಷನ್ ಕೆಲವೇ ನಿಮಿಷಗಳ ಕೆಲಸ. ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಮಾಡುವ ಅಬ್ಲೇಷನ್ ಕೆಲವು ಗಂಟೆಗಳದ್ದು. ಉಳಿದದ್ದೆಲ್ಲ ಕಾಯುವುದೇ. ಮೊದಲ ಸಲಕ್ಕೆ ಕಾಯಬೇಕು, ಲಯ ನಿಂತಿತೋ ಇಲ್ಲವೋ ನೋಡಲು ಕಾಯಬೇಕು, ನಿಲ್ಲದಿದ್ದರೆ ಎರಡನೆಯ ಸಲಕ್ಕೆ ಕಾಯಬೇಕು. ಈ ಅಧ್ಯಾಯ ಆ ದಿನಗಳನ್ನು ಕುರಿತದ್ದು.

ಇಲ್ಲಿ ಹೇಳುವುದು ಮುಖ್ಯವಾಗಿ ಏಟ್ರಿಯಲ್ ಫಿಬ್ರಿಲೇಷನ್ ಬಗ್ಗೆ. ವೈದ್ಯರು ಚುಟುಕಾಗಿ ಎಎಫ್ ಎನ್ನುತ್ತಾರೆ. ಇದರಲ್ಲಿ ಹೃದಯದ ಮೇಲಿನ ಕೋಣೆಗಳು ನಿಮಿಷಕ್ಕೆ 300ಕ್ಕೂ ಹೆಚ್ಚು ಸಲ ಅದುರುತ್ತವೆ. ಕೆಳಗಿನ ಕೋಣೆಗಳು ಕೈಗೆ ಸಿಕ್ಕ ಸಂಕೇತವನ್ನು ಹಿಡಿದು ತಾಳವಿಲ್ಲದೆ ಬಡಿಯುತ್ತವೆ. ತಪ್ಪು ಸಂಕೇತ ಬಹುಪಾಲು ಹೊರಡುವುದು ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ಅಭಿಧಮನಿಗಳ ಒಳಗಿಂದ ಎಂದು ಫ್ರಾನ್ಸಿನ ಬೋರ್ಡೊ ನಗರದ ಮಿಶೆಲ್ ಹೈಸಗೇರ್ ಮತ್ತು ಸಂಗಡಿಗರು 1998ರಲ್ಲಿ 45 ರೋಗಿಗಳಲ್ಲಿ ಕಂಡುಕೊಂಡರು. ಇವತ್ತಿನ ಅಬ್ಲೇಷನ್ ಆ ನಾಳಗಳ ಬಾಯಿಯ ಸುತ್ತ ಗಾಯದ ಗೆರೆಯೆಳೆದು ಸಂಕೇತಕ್ಕೆ ಅಡ್ಡಗಟ್ಟುತ್ತದೆ.

ಕಾಯುವಿಕೆಯಲ್ಲಿ ಎರಡು ಜಾತಿ. ಒಂದು ಹೃದಯ ಕೇಳುವ ಸಮಯ, ಇನ್ನೊಂದು ವ್ಯವಸ್ಥೆ ಕೇಳುವ ಸಮಯ. ಎರಡನ್ನೂ ಒಂದೇ ಎಂದುಕೊಂಡು ಒದ್ದಾಡುವವರೇ ಹೆಚ್ಚು. "ಡಾಕ್ಟ್ರೇ, ಈ ಮೂರು ತಿಂಗಳು ನನ್ನ ಹೃದಯಕ್ಕೆ ಬೇಕೋ, ಆಸ್ಪತ್ರೆಗೆ ಬೇಕೋ?" ಎಂದು ನೇರವಾಗಿ ಕೇಳಿ. ಅದು ಉದ್ಧಟತನವಲ್ಲ.

ಕಾರ್ಡಿಯೋವರ್ಷನ್‌ಗೆ ಮುಂಚಿನ ಮೂರು ವಾರ ಹೃದಯದ್ದು. ಅದುರುತ್ತಿರುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿರಬಹುದು. ಲಯ ಮರಳಿದೊಡನೆ ಆ ಹೆಪ್ಪು ಕಿತ್ತು ಮೆದುಳಿಗೆ ಹೋದರೆ ಲಕ್ವ. ಆದ್ದರಿಂದ ಎಎಫ್ ಒಂದೆರಡು ದಿನಕ್ಕಿಂತ ಹಳೆಯದಾಗಿದ್ದರೆ, ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಕನಿಷ್ಠ ಮೂರು ವಾರ ಬಿಡದೆ ತೆಗೆದುಕೊಂಡ ಮೇಲೆಯೇ ಶಾಕ್. ಬಿಡದೆ ಎಂಬುದೇ ಇಲ್ಲಿ ಮುಖ್ಯ. ನೆಂಟರ ಮದುವೆಗೆ ಹೋದಾಗ ಮಾತ್ರೆಯ ಪಟ್ಟಿ ಮನೆಯಲ್ಲೇ ಉಳಿದು ಎರಡು ಹೊತ್ತು ತಪ್ಪಿದರೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗಬಹುದು, ಇಲ್ಲವೇ ಗಂಟಲೊಳಗೆ ಕೊಳವೆ ಇಳಿಸಿ ಎಕೋ ಮಾಡಿ ಹೆಪ್ಪಿಲ್ಲವೆಂದು ಖಚಿತಪಡಿಸಿಕೊಳ್ಳಬೇಕಾಗಬಹುದು. ತಪ್ಪಿದ್ದನ್ನು ಬಚ್ಚಿಡಬೇಡಿ, ಶಾಕ್ ಕೊಡುವವರಿಗೆ ಅದು ಗೊತ್ತಿರಲೇಬೇಕು. ಶಾಕ್ ಆದಮೇಲೂ ಕನಿಷ್ಠ ನಾಲ್ಕು ವಾರ ಮಾತ್ರೆ ಬೇಕು. ಇಸಿಜಿಯಲ್ಲಿ ಲಯ ಸರಿ ಕಂಡರೂ ಮೇಲಿನ ಕೋಣೆಗೆ ಹಿಂಡುವ ಶಕ್ತಿ ತಡವಾಗಿ ಬರುತ್ತದೆ.

ಅಬ್ಲೇಷನ್ ನಂತರದ ಕಾಯುವಿಕೆಯಷ್ಟು ಅರೆಬರೆಯಾಗಿ ತಿಳಿಸಲ್ಪಡುವ ಸಂಗತಿ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಒಳಗಿನ ಗಾಯ ಊದಿಕೊಂಡಿರುತ್ತದೆ, ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಹೊಸ ಗಾರೆಗೆ ನೀರುಣಿಸಿ ಬಿಟ್ಟ ಹಾಗೆ. ಆ ದಿನಗಳಲ್ಲಿ ಎದೆ ಮತ್ತೆ ಪಟಪಟಿಸಿದರೆ ಅದನ್ನು ಸೋಲೆಂದು ಲೆಕ್ಕ ಹಾಕುವುದಿಲ್ಲ. ಬಹುಕಾಲ ಈ ಅವಧಿಯನ್ನು ಮೂರು ತಿಂಗಳೆಂದು ಇಟ್ಟುಕೊಂಡಿದ್ದರು. 2024ರ ಅಂತರರಾಷ್ಟ್ರೀಯ ತಜ್ಞರ ಹೇಳಿಕೆ ಅದನ್ನು ಎಂಟು ವಾರಕ್ಕೆ ಇಳಿಸಿತು. ಇದು ಗೊತ್ತಿಲ್ಲದವರು ಹತ್ತನೇ ದಿನ ರಾತ್ರಿ ನಾಡಿ ಕುಣಿದಾಗ "ಅಷ್ಟು ದುಡ್ಡೂ ನೀರಿಗೆ ಹೋಯಿತು" ಎಂದು ಕುಗ್ಗಿಹೋಗುತ್ತಾರೆ. ಆದರೆ ಎಲ್ಲವನ್ನೂ ಸಹಜವೆಂದು ಸುಮ್ಮನಿರಲೂಬಾರದು. ಮೊದಲ ಎರಡು ತಿಂಗಳಲ್ಲಿ ಜ್ವರ, ನುಂಗುವಾಗ ನೋವು, ಎದೆನೋವು ಬಂದರೆ ಅಬ್ಲೇಷನ್ ಮಾಡಿದ ಆಸ್ಪತ್ರೆಗೇ ತಕ್ಷಣ ತಿಳಿಸಬೇಕು. ಹೃದಯದ ಹಿಂಬದಿಗೆ ಅಂಟಿಕೊಂಡಂತಿರುವ ಅನ್ನನಾಳಕ್ಕೆ ಗಾಯವಾಗುವುದು ಬಹಳ ಅಪರೂಪ, ಆದರೆ ಪ್ರಾಣಕ್ಕೆ ಎರವಾಗುವಂಥದ್ದು. ಊರಿನ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಎಂದು ಎಂಡೋಸ್ಕೋಪಿಗೆ ಬರೆದರೆ, ಅಬ್ಲೇಷನ್ ಆಗಿರುವುದನ್ನು ಮೊದಲು ಹೇಳಿ. ಆ ಸ್ಥಿತಿಯಲ್ಲಿ ಎಂಡೋಸ್ಕೋಪಿ ಅಪಾಯ.

ಇನ್ನು ಸರದಿಯ ಕಾಯುವಿಕೆ. ನಮ್ಮಲ್ಲಿ ಲಯದ ತಜ್ಞರಿರುವುದು ದೊಡ್ಡ ನಗರಗಳಲ್ಲಿ, ಅವರ ಸಂಖ್ಯೆಯೂ ಕಡಿಮೆ. ವಿಮೆಯ ಅಥವಾ ಸರ್ಕಾರಿ ಯೋಜನೆಯ ಮಂಜೂರಾತಿ ಬರಬೇಕು, ಇಲ್ಲವೇ ದುಡ್ಡು ಹೊಂದಬೇಕು. ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ದುಡ್ಡಿನ ತಾಪತ್ರಯವಿಲ್ಲ, ಸಾಲಿನದ್ದಿದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್ಎಚ್ಎಸ್ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂದು ಗುರಿಯಿಟ್ಟುಕೊಂಡಿದ್ದರೂ ಎಷ್ಟೋ ಜನ ಅದನ್ನು ದಾಟಿ ಕಾಯುತ್ತಾರೆ. ಈ ಜಾತಿಯ ಕಾಯುವಿಕೆಯಲ್ಲಿ ಸಹನೆಗಿಂತ ಫೋನು ಉಪಯೋಗಕ್ಕೆ ಬರುತ್ತದೆ. ಪಟ್ಟಿಯಲ್ಲಿ ಹೆಸರು ನಿಜಕ್ಕೂ ಇದೆಯೇ, ಯಾರಾದರೂ ರದ್ದು ಮಾಡಿದರೆ ಹಿಂದಿನ ದಿನ ಹೇಳಿದರೂ ಬರಬಲ್ಲೆ ಎಂದು ಬರೆದುಕೊಂಡಿದ್ದಾರೆಯೇ ಎಂದು ವಿಚಾರಿಸಿ. ಲಕ್ಷಣ ಜಾಸ್ತಿಯಾದರೆ ಅದನ್ನೂ ತಿಳಿಸಿ. ಮೊದಲಿನಂತೆ ಮೆಟ್ಟಿಲು ಹತ್ತಲಾಗುತ್ತಿಲ್ಲ ಎಂಬ ಮಾತು ಕಡತಕ್ಕೆ ಸೇರದಿದ್ದರೆ ನೀವು ಹಳೆಯ ಸ್ಥಿತಿಯಲ್ಲೇ ಇದ್ದೀರಿ ಎಂದು ಅವರು ಭಾವಿಸುತ್ತಾರೆ.

ಹಾಗೆ ತಿಳಿಸಲು ಒಂದು ಸಣ್ಣ ನೋಟ್‌ಬುಕ್ ಸಾಕು. "ರಾತ್ರಿ 11.40. ಊಟವಾಗಿ ಮಲಗಿದ ಮೇಲೆ. 20 ನಿಮಿಷ. ನಾಡಿ 130, ಏರುಪೇರು. ತಲೆಸುತ್ತಿಲ್ಲ." ಇಷ್ಟೇ. ಹೆಬ್ಬೆರಳಿನ ಬುಡಕ್ಕೆ ನೇರವಾಗಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ತಾಳ ತಪ್ಪಿದ ನಾಡಿಗೆ ಒಗ್ಗುವುದಿಲ್ಲ. ಹೊತ್ತು ಗೊತ್ತುಮಾಡಿ ನೋಡಿ, ಮತ್ತೆ ಮುಟ್ಟಬೇಡಿ. ಗಳಿಗೆಗೊಮ್ಮೆ ಸ್ಮಾರ್ಟ್‌ವಾಚ್ ನೋಡುವುದರಿಂದ ಗಾಬರಿ ಹೆಚ್ಚುತ್ತದೆ, ಗಾಬರಿಯಿಂದ ನಾಡಿ ಏರುತ್ತದೆ, ಅದನ್ನು ನೋಡಿ ಮತ್ತೆ ಗಾಬರಿ. ಮನೆಯವರೂ ಅಷ್ಟೇ: ಕಾಫಿ ಕೊಡುವಾಗೊಮ್ಮೆ "ಈಗ ಹೇಗಿದ್ದೀರಿ?" ಎನ್ನುವುದು ಪ್ರೀತಿಯೇ ಸರಿ, ಆದರೆ ದಿನಕ್ಕೆ ಒಂದು ಸಲ ಸಾಕು. ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ, ಉಸಿರು ಸಿಕ್ಕದಿದ್ದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ನೋಟ್‌ಬುಕ್ ಬದಿಗಿಟ್ಟು 108ಕ್ಕೆ ಕರೆ ಮಾಡಿ.

ಸರದಿಯ ತಿಂಗಳುಗಳು ಪೂರಾ ವ್ಯರ್ಥವೂ ಅಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ತೂಕ ಹೆಚ್ಚಿದ್ದ ಎಎಫ್ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕದ ಶೇ. 10ರಷ್ಟನ್ನು ಇಳಿಸಿ ಹಾಗೇ ಉಳಿಸಿಕೊಂಡವರಲ್ಲಿ ಲಯ ಕೆಡದೆ ಉಳಿಯುವ ಸಾಧ್ಯತೆ ಸುಮಾರು ಆರು ಪಟ್ಟು ಹೆಚ್ಚು ಕಂಡಿತು. ಕುಡಿತದ ವಿಷಯದಲ್ಲೂ ಆಸ್ಟ್ರೇಲಿಯಾದ್ದೇ 2020ರ ಪ್ರಯೋಗವಿದೆ: ರೂಢಿಯಾಗಿ ಕುಡಿಯುವ 140 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಬಿಡಲು ಹೇಳಿದರು. ಆರು ತಿಂಗಳಲ್ಲಿ ಬಿಟ್ಟವರ ಗುಂಪಿನಲ್ಲಿ ಶೇ. 53, ಬಿಡದವರಲ್ಲಿ ಶೇ. 73 ಮಂದಿಗೆ ಎಎಫ್ ಮರುಕಳಿಸಿತು. ಗೊರಕೆಯ ನಡುವೆ ಉಸಿರು ಕಟ್ಟುವವರು ನಿದ್ರೆಯ ಪರೀಕ್ಷೆ ಮಾಡಿಸಿಕೊಳ್ಳಲು ಇದೇ ಸಮಯ. ಫಿಲ್ಟರ್ ಕಾಫಿಯನ್ನು ಮಾತ್ರ ಸುಮ್ಮನೆ ಬೈಯುತ್ತ ಬಂದಿದ್ದೇವೆ. ದಿನಕ್ಕೊಂದು ಲೋಟ ಕಾಫಿಯಿಂದ ಎಎಫ್ ಹೆಚ್ಚುತ್ತದೆ ಎಂಬುದು 2025ರ ಪ್ರಯೋಗವೊಂದರಲ್ಲಿ ನಿಜವಾಗಲಿಲ್ಲ. ನಿಮಗೆ ಒಗ್ಗದಿದ್ದರೆ ಬಿಡಿ, ಒಗ್ಗಿದರೆ ಕುಡಿಯಿರಿ.

ಕಾಯುವಾಗ ನುಂಗುವ ರಕ್ತ ಹೆಪ್ಪುಗಟ್ಟದ ಮಾತ್ರೆಯ ಬಗ್ಗೆಯೂ ಒಂದು ಮಾತು. ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದವರಿಗೆ ಹೊಸ ಮಾತ್ರೆಗಳು ಸಲ್ಲುವುದಿಲ್ಲ, ಹಳೆಯ ವಾರ್ಫರಿನ್ ಅಥವಾ ಅದರ ಜಾತಿಯವೇ ಆಗಬೇಕು. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್ಆರ್ ಸಾಮಾನ್ಯವಾಗಿ 2ರಿಂದ 3ರ ನಡುವೆ ನಿಲ್ಲಬೇಕು. ಇವರಿಗೆ ಸೊಪ್ಪು ತಿನ್ನಲೇಬೇಡಿ ಎನ್ನುವುದು ಅತಿರೇಕ. ನುಗ್ಗೆ ಸೊಪ್ಪಿನ ಪಲ್ಯ, ಬಸ್ಸಾರು ವಾರಕ್ಕೆ ಎಷ್ಟು ಸಲವೋ ಅಷ್ಟೇ ಸಲ ಇರಲಿ. ಒಂದು ವಾರ ದಿನವೂ, ಇನ್ನೊಂದು ವಾರ ಇಲ್ಲವೇ ಇಲ್ಲ ಎಂದಾದಾಗಲೇ ಐಎನ್ಆರ್ ಏರಿಳಿಯುವುದು. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುವ ನೋವಿನ ಮಾತ್ರೆ ಸೊಪ್ಪಿಗಿಂತ ದೊಡ್ಡ ಶತ್ರು: ರಕ್ತದ ಮಾತ್ರೆ ಯಾವುದೇ ಇರಲಿ, ಅದರ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು.

ಕೊನೆಗೆ ತಾರೀಖು ಬಂತೆನ್ನಿ. ಫೋನಿನಲ್ಲಿ ಹೇಳಿದವರನ್ನು ಅಲ್ಲೇ ನಿಲ್ಲಿಸಿ, ರಕ್ತದ ಮಾತ್ರೆಯನ್ನು ಅಂದು ಬೆಳಿಗ್ಗೆ ನುಂಗಬೇಕೋ ಬೇಡವೋ, ಸಕ್ಕರೆ ಕಾಯಿಲೆಯ ಮಾತ್ರೆ ಏನು ಮಾಡಬೇಕು, ಎಷ್ಟು ಹೊತ್ತಿನಿಂದ ಉಪವಾಸ ಇರಬೇಕು ಎಂದು ಕೇಳಿ ಬರೆದುಕೊಳ್ಳಿ. ಆಪರೇಷನ್ ಎಂದಕೂಡಲೇ ರಕ್ತದ ಮಾತ್ರೆ ನಿಲ್ಲಿಸಬೇಕೆಂದು ಪಕ್ಕದ ಮನೆಯವರು ಖಂಡಿತ ಹೇಳುತ್ತಾರೆ. ಈ ಚಿಕಿತ್ಸೆಗಳಲ್ಲಿ ಎಷ್ಟೋ ಸಲ ಅದನ್ನು ನಿಲ್ಲಿಸದೆಯೇ ಮಾಡುತ್ತಾರೆ.