ಮೊಣಕಾಲುದ್ದ ನೀರಿನ ಬೇಟೆ

ಕಲ್ಲೂರು ಮೀನಿನ ತಲೆ ಚೀಪುವವರ ಹಲ್ಲಿಗೆ ಒಮ್ಮೆಯಾದರೂ ಬಿಳಿ ಕಲ್ಲೊಂದು ತಾಗಿರುತ್ತದೆ. ಅದು ಮೀನಿನ ಒಳಗಿವಿಯ ಭಾಗ. ಕಲ್ಲೂರಿನ ಬಳಗದವೆಲ್ಲಕ್ಕೂ ಈ ಕಲ್ಲು ದೊಡ್ಡದು.

ಅಮೆರಿಕದ ರೆಡ್ ಡ್ರಮ್ ಕೂಡ ಇದೇ ಬಳಗದ್ದು. ತಾಮ್ರದ ಮೈಬಣ್ಣ, ಬಾಲದ ಬುಡದಲ್ಲಿ ಕಪ್ಪು ಬೊಟ್ಟು. ಕಿವಿಗಲ್ಲಿನಲ್ಲಿ ಮೂಡುವ ಉಂಗುರಗಳನ್ನು ಎಣಿಸಿದಾಗ 60 ವರ್ಷ ದಾಟಿದ ಮೀನುಗಳೂ ಸಿಕ್ಕಿವೆ. 1984ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಗಾಳಕ್ಕೆ ಬಿದ್ದ ಒಂದರ ತೂಕ 42 ಕಿಲೋ ಮೀರಿತ್ತು. ಗಾಳಿಚೀಲದ ಪಕ್ಕದ ಸ್ನಾಯುಗಳನ್ನು ಅದುರಿಸಿ ಢಬಢಬ ಸದ್ದು ಮಾಡಿ ಗಂಡು ಹೆಣ್ಣನ್ನು ಕರೆಯುತ್ತದೆ.

ಇಂಥ ಮೀನಿಗೆ ಸದ್ದು ಮಾಡದೆ ಹತ್ತಿರವಾಗುವುದೇ ಕಷ್ಟ. ಮೊಣಕಾಲುದ್ದ ನೀರಿನಲ್ಲಿ ತಲೆ ತಗ್ಗಿಸಿ ಏಡಿ, ಸಿಗಡಿ ಕೆದಕುವಾಗ ಅದರ ಬಾಲ ನೀರಿನ ಮೇಲೆ ಕಾಣುತ್ತದೆ. ಎಂಜಿನ್ ದೋಣಿ ಬಂದರೆ ಬಾಲ ಮಾಯ! ಅದಕ್ಕೇ ಅಲ್ಲಿನವರು ಕಯಾಕ್ ಹಿಡಿದರು. ಅದು ತೇಲಲು ಒಂದು ಗೇಣು ನೀರು ಸಾಕು. ಹುಟ್ಟು ಅಂಚಿಗೆ ಬಡಿಯಬಾರದು, ಕಾಲ ಬಳಿಯ ಡಬ್ಬಿ ಉರುಳಬಾರದು. ಮೀನು ಕಂಡೊಡನೆ ಉದ್ದದ ಕೋಲೊಂದನ್ನು ಕೆಸರಿಗೆ ನಾಟಿ ಕಯಾಕನ್ನು ಕಟ್ಟುತ್ತಾರೆ. ಸಿಗಡಿ ಸಿಕ್ಕಿಸಿದ ಗಾಳವನ್ನು ಮೀನಿನ ತಲೆಯ ಮೇಲೆ ಎಸೆಯುವುದಿಲ್ಲ. ಅದು ಸಾಗುವ ದಾರಿಯಲ್ಲಿ ತುಸು ಮುಂದಕ್ಕೆ ಬೀಳಿಸಿ ಕಾಯುತ್ತಾರೆ.

ಕೋಲು ನಾಟುವ ಈ ಉಪಾಯಕ್ಕೆ ಅಮೆರಿಕದ ಅಂಗಡಿಗಳಲ್ಲಿ ಬೇರೆಯೇ ಸಾಮಾನು ಮಾರುತ್ತಾರೆ. ನಮ್ಮ ಕರಾವಳಿಯ ಪಾತಿ ದೋಣಿಯವರಿಗೆ ಬಿದಿರಿನ ಜಲ್ಲೆಯೊಂದಿದ್ದರೆ ಆಯಿತು. ಕಯಾಕ್ ಎಂದರೆ ಪ್ಲಾಸ್ಟಿಕ್ಕಿನ ಪಾತಿ ಎಂದರೂ ತಪ್ಪಿಲ್ಲ.

ಮಂಗಳೂರಿನಲ್ಲಿ ರೆಡ್ ಡ್ರಮ್ ಇಲ್ಲ, ಆದರೆ ಅದು ಬಯಸುವಂಥ ನೀರು ಧಾರಾಳವಾಗಿದೆ. ನೇತ್ರಾವತಿಯೂ ಗುರುಪುರ ನದಿಯೂ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಒಂದು ಬದಿ ಬೆಂಗ್ರೆ, ಇನ್ನೊಂದು ಬದಿ ಉಳ್ಳಾಲ. ಉಬ್ಬರ ಇಳಿತದ ಅಂತರ ಹೆಚ್ಚೆಂದರೆ ಒಂದೂವರೆ ಮೀಟರ್ ಆಸುಪಾಸು. ಅಷ್ಟರಲ್ಲೇ ಮರಳ ದಿಬ್ಬ ಮುಳುಗುತ್ತದೆ, ಕಾಂಡ್ಲಾ ಬೇರುಗಳ ನಡುವೆ ನೀರು ಏರುತ್ತದೆ. ನೀರಿನೊಂದಿಗೆ ಸಿಗಡಿ, ಸಿಗಡಿಯ ಹಿಂದೆ ಮೀನು. ಬೇರಿನ ಸಂದಿಯಲ್ಲಿ ಹೊಂಚುವ ಕೆಂಬೇರಿ ಮೀನು ಗಾಳ ಕಚ್ಚಿದ್ದೇ ತಡ ಒಳಗೆ ನುಗ್ಗುತ್ತದೆ. ದಾರ ಬೇರಿಗೆ ಸುತ್ತಿ ಕಡಿಯದಂತೆ ಎಳೆಯುವುದೇ ದೊಡ್ಡ ಕೆಲಸ.

ತೆಳುನೀರಿನ ಚಾಲಾಕಿಯಲ್ಲಿ ರೆಡ್ ಡ್ರಮ್‌ಗೆ ಇಲ್ಲಿನ ಸಾಟಿ ಕಾಣೆ ಮೀನು. ಮೊಳ ಉದ್ದಕ್ಕೂ ಬೆಳೆಯದ ಈ ಮೀನು ಬೆದರಿದರೆ ಮರಳಿನೊಳಗೆ ಹುದುಗಿಬಿಡುತ್ತದೆ, ಬಲೆ ಅದರ ಮೇಲಿಂದಲೇ ಸರಿದುಹೋಗುತ್ತದೆ. ರವೆ ಹಚ್ಚಿ ಹುರಿದ ಕಾಣೆಗೆ ಹೋಟೆಲುಗಳಲ್ಲಿ ಅಷ್ಟು ಬೆಲೆಯೇಕೆ ಎಂದು ಗೊಣಗುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹುರಿದ ಮೀನಿನ ರುಚಿಯೇ ರೆಡ್ ಡ್ರಮ್‌ಗೆ ಕುತ್ತಾಯಿತು. 1980ರ ದಶಕದಲ್ಲಿ ನ್ಯೂ ಓರ್ಲಿಯನ್ಸ್‌ನ ಬಾಣಸಿಗ ಪಾಲ್ ಪ್ರುಡೋಮ್ ಅದನ್ನು ಮಸಾಲೆ ಸಹಿತ ಕಪ್ಪಾಗುವಂತೆ ಹುರಿದು ಬಡಿಸಿದ್ದೇ ದೇಶವೆಲ್ಲ ಮುಗಿಬಿತ್ತು. ಮೀನು ಕಡಿಮೆಯಾಯಿತು, ನಿಯಮಗಳು ಬಂದವು. ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ 20ರಿಂದ 28 ಇಂಚಿನ ಮೀನನ್ನಷ್ಟೇ ಇಟ್ಟುಕೊಳ್ಳಬಹುದು. ಮರಿಯನ್ನೂ ಮೊಟ್ಟೆಯಿಡುವ ದೊಡ್ಡದನ್ನೂ ನೀರಿಗೆ ಬಿಡಬೇಕು. ನಮ್ಮ ಗಾಳದವರಿಗೆ ಸೀಬಾಸ್ ಮೀನಿನ ವಿಷಯದಲ್ಲಿ ಇದೇ ಯೋಚನೆ ಒಪ್ಪುತ್ತದೆ. ಆ ಮೀನು ಮೊದಲು ಗಂಡಾಗಿದ್ದು, ಬೆಳೆದ ಮೇಲೆ ಹೆಣ್ಣಾಗುತ್ತದೆ. ಫೋಟೋಗೆ ಎತ್ತಿ ಹಿಡಿಯುವ ದೊಡ್ಡ ಸೀಬಾಸ್ ಬಹುಪಾಲು ಹೆಣ್ಣೇ.

ಕಯಾಕ್ ಈ ಕರಾವಳಿಗೆ ಹೊಸತೇನಲ್ಲ. ಮೂಲ್ಕಿಯ ಶಾಂಭವಿ ನದಿಯಲ್ಲಿ, ಸಾಲಿಗ್ರಾಮದ ಕಾಂಡ್ಲಾ ಕಾಡಿನಲ್ಲಿ ಪ್ರವಾಸಿಗರು ಹುಟ್ಟು ಹಾಕುತ್ತಾರೆ. ಗಾಳ ಹಿಡಿದು ಹೊರಡುವವರು ಮಾತ್ರ ತಿಂಗಳು ನೋಡಿಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧ. ಹುಟ್ಟಿನ ದೋಣಿಗೆ ನಿಷೇಧವಿಲ್ಲದಿದ್ದರೂ ಆಗ ಕೆಂಪು ನೆರೆನೀರು ಅಳಿವೆಯ ಉಪ್ಪನ್ನೇ ತೊಳೆದಿರುತ್ತದೆ. ಮಳೆ ಹಿಂದೆ ಸರಿದು ಉಪ್ಪು ಮರಳಿದ ಮೇಲೆ, ಅಕ್ಟೋಬರ್‌ನಿಂದ ಬೇಸಗೆಯವರೆಗೆ ಒಳ್ಳೆಯ ಕಾಲ. ಆಗಲೂ ಅಳಿವೆ ಬಾಗಿಲ ಕಡೆಗೆ ಹೋಗಕೂಡದು. ಇಳಿತದ ಸೆಳೆತವೂ ಕಡಲಿನ ಅಲೆಯೂ ಮರಳ ದಿಬ್ಬದ ಮೇಲೆ ಎದುರುಬದುರಾಗುವ ಜಾಗ ಅದು. ಎಂಜಿನ್ ದೋಣಿಗಳೂ ಅಲ್ಲಿ ಮಗುಚಿವೆ. ಲೈಫ್ ಜಾಕೆಟ್ ತೊಟ್ಟು, ಉಬ್ಬರದ ನೀರಿನೊಂದಿಗೆ ನದಿಯ ಮೇಲ್ಮುಖವಾಗಿ ಹೋಗಿ, ನೀರು ನಿಂತ ಹೊತ್ತಿಗೆ ಹಿಂದಿರುಗಿದರೆ ತೋಳಿಗೂ ಸಲೀಸು.