ಒಮ್ಮೆ ಬರೆದ ಭಾಗ, ಮೂರು ಪುಟಕ್ಕೆ



ನಮ್ಮ ಸಂಘದ ಜಾಲತಾಣದಲ್ಲಿ ಅಡಿಕೆಯ ಕೊಳೆರೋಗ, ಕಾಫಿಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ ಇವುಗಳಿಗೆ ಒಂದೊಂದು ಪುಟವಿರುವುದು ತಮಗೆ ತಿಳಿದೇ ಇದೆ. ಮೂರಕ್ಕೂ ಶೇಕಡಾ 1ರ ಬೋರ್ಡೋ ದ್ರಾವಣವನ್ನೇ ಹೊಡೆಯುತ್ತೇವೆ. ಆದರೂ ಅದನ್ನು ತಯಾರಿಸುವ ಕ್ರಮವನ್ನು ಮೂರು ಕಡೆಯೂ ಬೇರೆ ಬೇರೆಯಾಗಿ ಟೈಪು ಮಾಡಿಸಿದ್ದೆವು. ಎಡವಿದ್ದು ಅಲ್ಲಿಯೇ.

ಕ್ರಮ ಸರಳವಾದದ್ದು. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕದಡಬೇಕು. ಮೆಣಸಿನ ಪುಟದಲ್ಲಿ ಮಾತ್ರ ಸುಣ್ಣ ಅರ್ಧ ಕಿಲೋ ಎಂದು ಬಿದ್ದಿತ್ತು. ಸದಸ್ಯರೊಬ್ಬರು ಅದರಂತೆಯೇ ಕದಡಿ, ಹಳೆಯ ಅಭ್ಯಾಸದಿಂದ ಚೂರಿ ಅದ್ದಿ ನೋಡಿದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತು. ಹಾಗೆಯೇ ಹೊಡೆದಿದ್ದರೆ ಎಲೆ ಸುಟ್ಟುಹೋಗುತ್ತಿತ್ತು. “ನಿಮ್ಮ ಪುಟ ನಂಬಿ ಬಳ್ಳಿ ಕಳಕೊಳ್ಳಬೇಕಿತ್ತಾ ಮಾರಾಯ್ರೇ?” ಎಂದು ಅವರು ಫೋನಿನಲ್ಲಿ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಇದಕ್ಕೆ ಪರಿಹಾರ ನಾವು ಬಳಸುವ ವರ್ಡ್‌ಪ್ರೆಸ್ಸಿನಲ್ಲಿಯೇ ಇತ್ತು. 2018ರ 5.0ನೇ ಆವೃತ್ತಿಯಲ್ಲಿ ‘ರೀಯೂಸಬಲ್ ಬ್ಲಾಕ್’ ಎಂದು ಬಂದದ್ದಕ್ಕೆ 2023ರ 6.3ರಿಂದ ‘ಸಿಂಕ್ಡ್ ಪ್ಯಾಟರ್ನ್’ ಎಂಬ ಹೆಸರು. ಗುಡ್ಡದ ಮೇಲಿನ ಒಂದೇ ಟ್ಯಾಂಕಿಯಿಂದ ಮೂರು ತೋಟಕ್ಕೆ ಪೈಪು ಎಳೆದಂತೆ ಎನ್ನೋಣ. ಬೇಕಾದ ಭಾಗವನ್ನು ಆಯ್ದು, ಮೂರು ಚುಕ್ಕಿಯ ಪಟ್ಟಿಯಲ್ಲಿ ‘ಕ್ರಿಯೇಟ್ ಪ್ಯಾಟರ್ನ್’ ಒತ್ತಿ, ಹೆಸರು ಕೊಟ್ಟು, ‘ಸಿಂಕ್ಡ್’ ಎಂಬುದನ್ನು ಚಾಲೂ ಇಡಬೇಕು. ಬಳಿಕ ಬೇಕಾದ ಪುಟಕ್ಕೆಲ್ಲ ಅದನ್ನೇ ಸೇರಿಸಬಹುದು. ಒಂದು ಕಡೆ ತಿದ್ದಿ ಉಳಿಸಿದರೆ ಎಲ್ಲ ಕಡೆಯೂ ತಿದ್ದಿದಂತೆ. ‘ಸಿಂಕ್ಡ್’ ಇಡದಿದ್ದರೆ ಅದು ಬರೀ ನಕಲು, ಹಳೆಯ ಪಾಡೇ.

ಆದರೆ ಟ್ಯಾಂಕಿಗೆ ಕೆಸರು ಬಿದ್ದರೆ ಮೂರು ತೋಟಕ್ಕೂ ಕೆಸರೇ. ಅಡಿಕೆಗೆ ಮಳೆಗಾಲದ ಮೊದಲು ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ ಎಂಬ ಮಾತನ್ನು ನಮ್ಮ ಹುಡುಗ ಈ ಭಾಗದೊಳಗೇ ಬರೆದುಬಿಟ್ಟಿದ್ದ. ಅದು ಕಾಫಿ ಪುಟದಲ್ಲಿಯೂ ಮೆಣಸಿನ ಪುಟದಲ್ಲಿಯೂ ಕಾಣಿಸಿಕೊಂಡಿತು! ಆದ್ದರಿಂದ ಎಲ್ಲ ಬೆಳೆಗೂ ಒಂದೇ ಆಗಿರುವುದು ಮಾತ್ರ ಒಳಗೆ. ಹೊಡೆಯುವ ಕಾಲ, ಗಿಡಕ್ಕೆ ಬೇಕಾಗುವ ಪ್ರಮಾಣ ಆಯಾ ಪುಟದಲ್ಲಿ, ಹೊರಗೆ. ‘ಡಿಟ್ಯಾಚ್’ ಒತ್ತಿ ಒಂದು ಪುಟದ್ದನ್ನು ಬೇರ್ಪಡಿಸಲೂ ಬರುತ್ತದೆ, ಆದರೆ ಮುಂದಿನ ತಿದ್ದುಪಡಿ ಆ ಪುಟವನ್ನು ಮುಟ್ಟುವುದಿಲ್ಲ. ನಾವಂತೂ ಆ ಗುಂಡಿಯ ತಂಟೆಗೆ ಹೋಗುತ್ತಿಲ್ಲ.

ಈಗ ಇಂಥ ಭಾಗಗಳು ಮೂರೇ: ದ್ರಾವಣದ ಕ್ರಮ, ಚಾಲಿ ಮತ್ತು ಕಾಫಿ ಚೆರ್ರಿಯ ಖರೀದಿ ದರ, ಕಚೇರಿಯ ವೇಳೆ. ದರವನ್ನು ಪುಟದ ತಲೆಯಲ್ಲೇ ಇಟ್ಟಿದ್ದೇವೆ. ಅಂಗಳದಲ್ಲಿ ನಿಂತು ಮೊಬೈಲು ನೋಡುವವರು ಕೆಳಗಿನವರೆಗೆ ಓದುವುದಿಲ್ಲ, ನಾವೂ ಓದುವುದಿಲ್ಲ. ತಿದ್ದುವ ಅಧಿಕಾರ ಇಬ್ಬರಿಗೆ ಮಾತ್ರ. ಒಬ್ಬರು ತಿದ್ದಿದರೆ ಇನ್ನೊಬ್ಬರು ಮೂರೂ ಪುಟ ತೆರೆದು ನೋಡತಕ್ಕದ್ದು.

ಮುಂಗಾರಿಗೆ ಮೊದಲು ತಾವೂ ಒಮ್ಮೆ ನೋಡಿರಿ. ಯಾವುದೇ ಪುಟದಲ್ಲಿ ಸುಣ್ಣ 1 ಕಿಲೋ ಎಂದಿಲ್ಲದಿದ್ದರೆ ಔಷಧ ಕದಡುವ ಮುಂಚೆಯೇ ಕಚೇರಿಗೆ ತಿಳಿಸಿರಿ.